ಅದ್ಭುತಕಥೆಯೂ ರಸಿಕರ ಕೂಟವೂ

ಕಥೆ ಹುಟ್ಟುವುದಕ್ಕೆ ಹೇಳುವವನೊಬ್ಬನು ಸಾಕು. ಅದು ಬಾಳುವುದಕ್ಕೆ ಕೇಳುವವರು ಹಲವರು ಬೇಕು. ಈ ಮಾತು ಎಲ್ಲ ಬಗೆಯ ಸಾಹಿತ್ಯಕ್ಕೂ ಸಲ್ಲುವುದಾದರೂ ಅದ್ಭುತಕಥೆಗೆ ವಿಶೇಷವಾಗಿ ಸಲ್ಲುವುದು. ಸಂಸಾರದ ಕಥೆಯನ್ನು ಓದುವವನು ತನ್ನ ಮನೆಯನ್ನೂ ನೆರೆಮನೆಯನ್ನೂ ನೋಡಿ ಅದರ ದಿಟವನ್ನು ಅಳೆಯಬಲ್ಲನು. ಮಾತನಾಡುವ ಹಾವಿಗೂ ಹಾರುವ ಕುದುರೆಗೂ ನೆಲದಡಿಯ ಪಟ್ಟಣಕ್ಕೂ ಅಂಥ ಸಾಕ್ಷಿ ಹೊರಗೆಲ್ಲಿಯೂ ದೊರೆಯದು; ಕೇಳುವವರ ಸಮ್ಮತಿಯೇ ಅವುಗಳಿಗೆ ನೆಲೆ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ಆಲಂಕಾರಿಕರು ಹೇಳಿರುವರು. ಒಬ್ಬಂಟಿಗನ ವಿಸ್ಮಯವು ಬೇಗನೆ ಸಂಶಯಕ್ಕೆ ತಿರುಗುವುದು. ನಾಲ್ವರ ನಡುವೆ ಕುಳಿತವನ ವಿಸ್ಮಯವು ಸ್ಥಿರವಾಗಿ ನಿಲ್ಲುವುದು. ಆದುದರಿಂದಲೇ ಇಂಥ ಕಥೆಗಳನ್ನು ಮೆಚ್ಚಿದವರು ಹಲವು ದೇಶಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಕೂಟಗಳನ್ನು ಕಟ್ಟಿಕೊಂಡಿರುವರು.

ಆ ಕೂಟಗಳ ಗುಣದೋಷಗಳೇನು, ಕನ್ನಡದಲ್ಲಿ ಅವುಗಳಿಗೆ ಸ್ಥಾನವೆಲ್ಲಿ ಎಂಬುದನ್ನು ವಿಚಾರಿಸುವುದು ಇಂದು ಅವಶ್ಯವಾಗಿದೆ. ವಿದ್ಯಾವಂತರ ಮನೆಯ ಮಕ್ಕಳು ಎಷ್ಟೋ ಮಂದಿ ಟೋಲ್ಕೀನ್, ರೌಲಿಂಗ್ ಮೊದಲಾದವರ ದೊಡ್ಡ ದೊಡ್ಡ ಗ್ರಂಥಗಳನ್ನು ಇಂಗ್ಲಿಷಿನಲ್ಲಿಯೇ ಓದಿ ಬೆಳೆಯುತ್ತಿರುವರು. ಅವರಲ್ಲೊಬ್ಬನಿಗೆ ಕನ್ನಡದಲ್ಲಿ ಅಂಥದೊಂದು ಕಥೆಯನ್ನು ಬರೆಯುವ ಬಯಕೆ ಹುಟ್ಟಿದರೆ, ಅವನು ಯಾರ ಬಳಿಗೆ ಹೋಗಿ ಕುಳಿತುಕೊಳ್ಳಬೇಕು?

ಪಶ್ಚಿಮ ದೇಶಗಳಲ್ಲಿ ಈ ಕೂಟಗಳ ಚರಿತ್ರೆ ನೂರು ವರುಷಗಳೊಳಗಿನದು. ೧೯೩೭ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವೈಜ್ಞಾನಿಕ ಕಲ್ಪನಾಕಥೆಗಳ ಓದುಗರು ಕೆಲವರು ಸಭೆ ಸೇರಿದರು. ಅವರಲ್ಲಿ ಹತ್ತೊಂಬತ್ತು ವರುಷದ ಆರ್ಥರ್ ಕ್ಲಾರ್ಕನೂ ಒಬ್ಬನಾಗಿದ್ದನು. ೧೯೩೯ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ಇನ್ನೂರು ಜನರ ಸಮ್ಮೇಲನವು ನೆರೆಯಿತು. ಅದಕ್ಕೆ ಫಾರೆಸ್ಟ್ ಆಕರ್ಮನ್ ಎಂಬ ರಸಿಕನು ಮುಂಬರುವ ಕಾಲದ ಮನುಷ್ಯನ ವೇಷವನ್ನು ಧರಿಸಿ ಬಂದನು. ಇಂದು ಇಂಥ ಸಮ್ಮೇಲನಗಳಲ್ಲೆಲ್ಲ ಕಾಣುವ ವೇಷಗಾರಿಕೆಗೆ ಅದೇ ಮೊದಲೆಂದು ಎಣಿಸುವರು. ಅದೇ ಸಭೆಗೆ ಲಾಸ್ ಏಂಜಲಿಸಿನಿಂದ ಹದಿನೆಂಟು ವರುಷದ ರೇ ಬ್ರಾಡ್‌ಬರಿಯು ಆಕರ್ಮನನಿಂದ ಸಾಲ ಪಡೆದು ಬಂದಿದ್ದನು. ಅವನ ಕೈಯಲ್ಲಿ ಹ್ಯಾನೆಸ್ ಬಾಕ್ ಎಂಬ ಗೆಳೆಯನು ಬರೆದ ಚಿತ್ರಗಳಿದ್ದವು. ಅವುಗಳನ್ನು ಪತ್ರಿಕೆಯ ಸಂಪಾದಕರಿಗೆ ತೋರಿಸಿ ಗೆಳೆಯನಿಗೆ ಕೆಲಸ ದೊರಕಿಸಿದನು. ಅವನ ಸ್ವಂತ ಕಥೆಗೆ ಮೊದಲ ಸಂಭಾವನೆ ದೊರೆತುದು ೧೯೪೧ರಲ್ಲಿ. ವೈಜ್ಞಾನಿಕ ಕಥೆಗೂ ಅದ್ಭುತಕಥೆಗೂ ಆಗ ಗಟ್ಟಿಯಾದ ಗಡಿಯಿರಲಿಲ್ಲ. ಅದ್ಭುತಕಥೆಗೇ ಮೀಸಲಾದ ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್ ಎಂಬ ವಾರ್ಷಿಕ ಸಮ್ಮೇಲನವು ೧೯೭೫ರಲ್ಲಿ, ಲವ್‌ಕ್ರಾಫ್ಟನ ಊರಾದ ಪ್ರಾವಿಡೆನ್ಸಿನಲ್ಲಿ ಮೊದಲಾಯಿತು.

ಈ ಸಮ್ಮೇಲನಗಳ ಮುಖ್ಯವಾದ ಗುಣವು ಬ್ರಾಡ್‌ಬರಿಯ ವೃತ್ತಾಂತದಲ್ಲಿಯೇ ತೋರಿಬರುವುದು. ಅಲ್ಲಿ ಓದುಗನೂ ಬರೆಹಗಾರನೂ ಎರಡು ಜಾತಿಯವರಲ್ಲ. ಇಂದು ಕೇಳುತ್ತ ಕುಳಿತವನು ನಾಳೆ ಹೇಳುವನು. ಹೇಳಿ ಹೆಸರಾದವನು ಮರುದಿನ ಇನ್ನೊಬ್ಬನ ಕಥೆಯನ್ನು ಕೇಳಲು ಅದೇ ಚಾವಡಿಯಲ್ಲಿ ಕುಳಿತುಕೊಳ್ಳುವನು. ವರುಷ ವರುಷವೂ ಬಂದು ಕುಳಿತ ಹಳೆಯ ರಸಿಕನಿಗೆ ಯಾವ ಕಲ್ಪನೆ ಹೊಸದು, ಯಾವುದು ಎರವಲು ಎಂಬುದು ತಾನಾಗಿಯೇ ತಿಳಿಯುವುದು. ಅಂಥವನು ಲೇಖನಿ ಹಿಡಿದಾಗ ತನ್ನ ಕೇಳುಗರ ಮುಖಗಳನ್ನು ಬಲ್ಲವನಾಗಿ ಬರೆಯುವನು.

ಆದರೆ ದೋಷಗಳನ್ನು ಮುಚ್ಚಿಡಲಾಗದು. ೧೯೩೯ರ ಆ ಮೊದಲನೆಯ ದೊಡ್ಡ ಸಭೆಯೇ ತನ್ನವರಲ್ಲಿ ಆರು ಜನರನ್ನು ಪಕ್ಷಭೇದದ ಕಾರಣದಿಂದ ಬಾಗಿಲಲ್ಲಿಯೇ ತಡೆಯಿತು. ಮುಂದೆ ಪ್ರಸಿದ್ಧನಾದ ಫ್ರೆಡರಿಕ್ ಪೋಲ್ ಅವರಲ್ಲೊಬ್ಬನು. ಅದ್ಭುತಕಥಾ ಪ್ರಶಸ್ತಿಯ ಮೂರ್ತಿಯು ಬಹುಕಾಲ ಲವ್‌ಕ್ರಾಫ್ಟನ ಮುಖವನ್ನೇ ಹೊಂದಿತ್ತು. ಆತನ ಬರೆಹದಲ್ಲಿ ಕರಿಯರನ್ನೂ ಇತರ ಜನಾಂಗಗಳನ್ನೂ ಹಳಿದ ಮಾತುಗಳಿರುವಾಗ, ಆ ಜನಾಂಗಗಳ ಲೇಖಕರು ಅದನ್ನು ಹೇಗೆ ಮನೆಯಲ್ಲಿಟ್ಟುಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ೨೦೧೫ರಲ್ಲಿ ಆ ಮೂರ್ತಿಯನ್ನು ಕೈಬಿಡುವ ನಿರ್ಣಯವಾಯಿತು. ೨೦೨೩ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಸೇರಿದ ವಿಶ್ವ ಸಮ್ಮೇಲನದ ಹ್ಯೂಗೋ ಪ್ರಶಸ್ತಿಗೆ ಸಾಕಷ್ಟು ಮತಗಳು ಬಂದಿದ್ದರೂ ಆರ್. ಎಫ್. ಕುವಾಂಗ್ ಅವರ ಕಾದಂಬರಿಯೇ ಮೊದಲಾದ ಕೆಲವು ಕೃತಿಗಳನ್ನು ಕಾರಣವನ್ನು ತಿಳಿಸದೆ ಅನರ್ಹವೆಂದು ತೆಗೆದುಹಾಕಿದರು. ಮರುವರುಷ ಅಂಕಿಗಳು ಹೊರಬಿದ್ದಾಗ ರಸಿಕಲೋಕವೇ ಕದಡಿಹೋಯಿತು. ಪ್ರೀತಿಯಿಂದ ನೆರೆದ ಕೂಟವಾದರೂ ತೀರ್ಪು ಹೇಳುವಾಗ ಕಾರಣವನ್ನು ಹತ್ತು ಜನರೆದುರಿಗೆ ಹೇಳದಿದ್ದರೆ ಅದು ಕೆಲವರ ಕೈಯ ವಸ್ತುವಾಗುವುದೆಂಬ ಪಾಠವು ಇದರಿಂದ ದೊರೆಯುವುದು.

ಇನ್ನು ಕನ್ನಡದ ಕಡೆಗೆ ತಿರುಗಿದರೆ, ಅಸುಂಡಿಯ ಸುತ್ತಣ ಸೀಮೆಯೇ ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ. ಕನ್ನಡದ ತಿರುಳು ಯಾವ ಊರುಗಳ ನಡುವೆ ಇದೆಯೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೇಳುವಾಗ ಹೆಸರಿಸಿದ ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕನ್ನಡ ನಾಡಿನ ಜನರು ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಆ ಗ್ರಂಥವೇ ಹೊಗಳಿರುವುದು. ಕೇಳುಗನಿಗೆ ಇಷ್ಟು ಹಿರಿಯ ಸ್ಥಾನವನ್ನು ಕೊಟ್ಟು ಮೊದಲಾದ ಸಾಹಿತ್ಯಗಳು ಹೆಚ್ಚಿಲ್ಲ. ರೋಣದ ಬಳಿಯ ಸವಡಿಯೆಂದು ಗುರುತಿಸಲಾದ ಸಯ್ಯಡಿಯ ದುರ್ಗಸಿಂಹನು ೧೦೩೧ರಲ್ಲಿ ವಸುಭಾಗಭಟ್ಟನ ಸಂಪ್ರದಾಯವನ್ನು ಹಿಡಿದು ಪಂಚತಂತ್ರವನ್ನು ಕನ್ನಡದಲ್ಲಿ ಬರೆದನು. ಮುಳಗುಂದದ ನಯಸೇನನು ೧೧೧೨ರಲ್ಲಿ ಧರ್ಮಾಮೃತದ ಕಥೆಗಳನ್ನು ಹೇಳಿದನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹತ್ತು ಪರ್ವಗಳ ಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದನು.

ಈ ಮೂವರ ಕಾಲವೂ ಮತವೂ ರೀತಿಯೂ ಬೇರೆಬೇರೆ. ಆದರೂ ಅದ್ಭುತವನ್ನು ನಂಬಿಸುವ ಉಪಾಯದಲ್ಲಿ ಅವರೊಳಗೆ ಒಂದು ಸಾಮ್ಯವುಂಟು: ಮೂವರೂ ಕೇಳುಗನನ್ನು ಕಥೆಯ ಒಳಗೇ ಕರೆದು ಕೂರಿಸಿರುವರು. ಪಂಚತಂತ್ರದಲ್ಲಿ ಒಂದು ಪ್ರಾಣಿಯು ನೀತಿಯ ಮಾತೊಂದನ್ನಾಡಿ ನಿಲ್ಲಿಸಿದೊಡನೆ ಇನ್ನೊಂದು ಅದು ಹೇಗೆಂದು ಕೇಳುವುದು. ಆ ಪ್ರಶ್ನೆಯಿಂದಲೇ ಮುಂದಿನ ಕಥೆ ಹುಟ್ಟುವುದು. ಸಿಂಹವೂ ನರಿಯೂ ಮಾತನಾಡುವುದನ್ನು ಓದುಗನು ಆಕ್ಷೇಪಿಸುವ ಮೊದಲೇ ಅವನ ಕುತೂಹಲವನ್ನು ಒಂದು ಪಾತ್ರವು ತನ್ನದಾಗಿಸಿಕೊಂಡಿರುವುದು. ನಯಸೇನನು ಹಳ್ಳಿಯ ಬಾಳಿನಿಂದ ಆಯ್ದ ಹೋಲಿಕೆಗಳನ್ನು ಒಂದರ ಮೇಲೊಂದು ಪೇರಿಸುವನು. ಎಷ್ಟೇ ಅಪೂರ್ವವಾದ ಸಂಗತಿಯಾಗಲಿ, ಒಕ್ಕಲಿಗನೂ ಗೃಹಿಣಿಯೂ ತಮ್ಮ ಕಣ್ಣಿನಿಂದಲೇ ಅದನ್ನು ಅಳೆಯುವಂತೆ ಮಾಡುವನು. ಕುಮಾರವ್ಯಾಸನು ಜನಮೇಜಯನನ್ನು ಮತ್ತೆ ಮತ್ತೆ ಸಂಬೋಧಿಸುವನು. ಊರ ಗುಡಿಯಲ್ಲಿ ಗಮಕಿಯು ಭಾರತವನ್ನೋದುವಾಗ ಆ ಸಂಬೋಧನೆಯು ಎದುರಿಗೆ ಕುಳಿತವರಿಗೇ ಸಲ್ಲುವುದರಿಂದ, ಹೊಲದಿಂದ ಬಂದು ಕಂಬಕ್ಕೊರಗಿದ ಮುದುಕನೂ ಅಷ್ಟು ಹೊತ್ತು ಅರಸನಾಗಿ ಕೇಳುವನು.

ಈ ರಚನೆಯು ಪೂರ್ಣವಾದ ಆಕಾರ ತಳೆದುದು ದೊಡ್ಡಾಟದಲ್ಲಿ. ಅಲ್ಲಿ ದೊರೆಯಾಗಲಿ ದೈತ್ಯನಾಗಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ರಂಗಕ್ಕೆ ಬಂದೊಡನೆ ಕಥೆ ಸಾಗುವುದಿಲ್ಲ. ನೀನಾರು, ನಿನ್ನ ಪಟ್ಟಣವಾವುದು, ಬಂದ ಕಾರಣವೇನು ಎಂದು ಸಾರಥಿಯು ವಿಚಾರಿಸುವನು; ಪಾತ್ರವು ಉತ್ತರ ಕೊಟ್ಟ ಮೇಲೆಯೇ ಅದಕ್ಕೆ ರಂಗದಲ್ಲಿ ನಿಲ್ಲುವ ಹಕ್ಕು. ಸಾರಥಿಯೆಂದರೆ ಪ್ರೇಕ್ಷಕರ ಪ್ರತಿನಿಧಿ. ಅದ್ಭುತವು ಎಷ್ಟೇ ಭಯಂಕರವಾಗಿ ಬಂದರೂ ಊರಿನವನೊಬ್ಬನ ಸಾದಾ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಮೇಲಾಗಿ ಆ ದೈತ್ಯನು ಹಗಲಿನಲ್ಲಿ ನೇಗಿಲು ಹೊಡೆಯುವ ನೆರೆಮನೆಯವನು. ಹಿಂದಿನ ವರುಷಗಳಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡಿದವನು. ತಿಂಗಳುಗಟ್ಟಲೆ ಮಾತು ಕಲಿತು ಈಗ ರಂಗವೇರಿರುವನು. ನ್ಯೂಯಾರ್ಕಿನವರು ೧೯೩೯ರಲ್ಲಿ ಹೊಸದಾಗಿ ಕಂಡುಕೊಂಡ ವೇಷವೂ, ಕೇಳುಗನೇ ಕರ್ತೃವಾಗುವ ಪದ್ಧತಿಯೂ ಈ ಸೀಮೆಯ ಹಳ್ಳಿಗಳಿಗೆ ಮೊದಲೇ ಪರಿಚಿತವಾಗಿದ್ದವು.

ಮುದ್ರಣದ ಕಾಲದಲ್ಲಿ ಈ ಸಂಬಂಧವು ಸಡಿಲಿತು. ಸಣ್ಣಕಥೆಯೂ ಕಾದಂಬರಿಯೂ ಒಬ್ಬಂಟಿ ಓದುಗನಿಗಾಗಿ ಹುಟ್ಟಿದವು. ಅವು ಬಹುಮಟ್ಟಿಗೆ ಸಂಸಾರವನ್ನೂ ಸಮಾಜವನ್ನೂ ವಸ್ತುವಾಗಿ ಹಿಡಿದುದು ಸಹಜವೇ ಆಗಿತ್ತು. ಅದ್ಭುತವು ಮಕ್ಕಳ ಪಾಲಿಗೆ ಹೋಯಿತು. ೧೯೪೯ರಲ್ಲಿ ಕನ್ನಡದಲ್ಲಿ ಮೊದಲಾಗಿ ಈಗ ನಿಂತುಹೋಗಿರುವ ಚಂದಮಾಮವು ಬೇತಾಳನ ಕಥೆಗಳನ್ನು ತಿಂಗಳು ತಿಂಗಳೂ ಮನೆಗಳಿಗೆ ತಂದಿತು. ಅಲ್ಲಿಯೂ ಬೇತಾಳನು ಪ್ರಶ್ನೆ ಕೇಳದೆ ಕಥೆಯನ್ನು ಮುಗಿಸುತ್ತಿರಲಿಲ್ಲವೆಂಬುದು ಗಮನಾರ್ಹವಾಗಿದೆ. ಆದರೆ ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರಿಗೆ ತಕ್ಕ ಅದ್ಭುತಕಥೆ ಕನ್ನಡದಲ್ಲಿ ಎಷ್ಟು ದೊರೆಯಿತು?

ದೊರೆತುದು ಹೆಚ್ಚಾಗಿ ನಾಟಕದಲ್ಲಿ. ಗಿರೀಶ ಕಾರ್ನಾಡರ ಹಯವದನ, ನಾಗಮಂಡಲಗಳೂ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ, ಸಿರಿಸಂಪಿಗೆಗಳೂ ಪ್ರೌಢರ ಮುಂದೆ ಅದ್ಭುತವನ್ನು ನಾಚಿಕೆಯಿಲ್ಲದೆ ತಂದು ನಿಲ್ಲಿಸಿದವು. ನಾಟಕಕ್ಕೆ ಕೂಟವುಂಟು, ಕಾದಂಬರಿಗಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುವುದು. ೧೯೮೮ರ ನಾಗಮಂಡಲದ ಆರಂಭವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಮನೆಮನೆಯ ದೀಪಗಳ ಜ್ವಾಲೆಗಳು ರಾತ್ರಿಯಲ್ಲಿ ಪಾಳುಗುಡಿಯಲ್ಲಿ ನೆರೆದು ತಮ್ಮ ತಮ್ಮ ಮನೆಗಳ ಸುದ್ದಿಯನ್ನು ಹೇಳಿಕೊಳ್ಳುವುವು. ಕಥೆಯೇ ಹೆಣ್ಣಾಗಿ ಅಲ್ಲಿಗೆ ಬರುವುದು. ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆ ಕೆಡವಿದ ತಪ್ಪಿಗೆ ಶಾಪಗ್ರಸ್ತನಾದ ನಾಟಕಕಾರನು ಇರುಳೆಲ್ಲ ಎಚ್ಚರವಾಗಿ ಕುಳಿತು ಆ ಕಥೆಯನ್ನು ಕೇಳಬೇಕು. ಕೇಳಿದ ಮೇಲೆ ಇತರರಿಗೆ ಹೇಳಬೇಕು. ಅದ್ಭುತಕಥೆಯ ಕೂಟದ ಧರ್ಮವು ಇಲ್ಲಿ ಪೂರ್ತಿಯಾಗಿ ಅಡಗಿದೆ. ಬರೆಹಗಾರನ ಉಳಿವು ಅವನು ಒಳ್ಳೆಯ ಕೇಳುಗನಾಗುವುದರಲ್ಲಿದೆ. ಕಾದಂಬರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ೧೯೮೦ರ ಕರ್ವಾಲೋ ಹಾರುವ ಓತಿಯನ್ನು ಕಾಣಿಸಿದುದುಂಟು. ಆದರೆ ಅದನ್ನು ಹುಡುಕಲು ವಿಜ್ಞಾನಿಯೊಬ್ಬನೇ ಹೊರಡುವುದಿಲ್ಲ; ಮಂದಣ್ಣ, ಪ್ಯಾರ, ಪ್ರಭಾಕರರೊಡನೆ ನಾಯಿಯೂ ಕೂಡಿದ ಒಂದು ಗುಂಪೇ ಕಾಡು ಹೊಗುವುದು. ಹೊರಗೆ ಇಲ್ಲದ ಕೂಟವನ್ನು ಆ ಕಾದಂಬರಿ ತನ್ನೊಳಗೆ ಕಟ್ಟಿಕೊಂಡಿರುವುದು.

ಕನ್ನಡ ಸಾಹಿತ್ಯ ಸಮ್ಮೇಲನಗಳು ಈ ಕೊರತೆಯನ್ನು ತುಂಬಲಾರವೇ ಎಂದು ಕೇಳಬಹುದು. ೧೯೧೫ರಿಂದ ನಡೆದುಬಂದ ಆ ಸಮ್ಮೇಲನಗಳ ಉಪಕಾರವು ಸಣ್ಣದಲ್ಲ. ಗದಗದಲ್ಲಿಯೇ ೧೯೬೧ರಲ್ಲಿ ಕೆ. ಜಿ. ಕುಂದಣಗಾರರ ಅಧ್ಯಕ್ಷತೆಯಲ್ಲಿಯೂ ೨೦೧೦ರಲ್ಲಿ ಗೀತಾ ನಾಗಭೂಷಣರ ಅಧ್ಯಕ್ಷತೆಯಲ್ಲಿಯೂ ಸಮ್ಮೇಲನವು ನೆರೆದಿದ್ದಿತು. ಆದರೆ ಅವುಗಳ ಉದ್ದೇಶವೇ ಬೇರೆ. ಅಲ್ಲಿ ನುಡಿಯ ಮಾನವೂ ನಾಡಿನ ಪ್ರಶ್ನೆಗಳೂ ಪ್ರಧಾನ; ಮೆರವಣಿಗೆ, ಅಧ್ಯಕ್ಷಭಾಷಣ, ಗೋಷ್ಠಿ, ನಿರ್ಣಯಗಳಲ್ಲಿ ದಿನಗಳು ಮುಗಿಯುವುವು. ಲಕ್ಷಾಂತರ ಜನರ ನಡುವೆ ಕೇಳುಗನು ಸಭಿಕನಾಗಿ ಚಪ್ಪಾಳೆ ತಟ್ಟಬಹುದಲ್ಲದೆ ಸಾರಥಿಯಾಗಿ ಪ್ರಶ್ನೆ ಕೇಳಲಾರನು.

ಅದ್ಭುತಕಥೆಗೆ ಬೇಕಾಗಿರುವುದು ಇಪ್ಪತ್ತು ಮೂವತ್ತು ಜನರ ಕೂಟ. ಅಸುಂಡಿಯಂಥ ಊರಿನ ಗುಡಿಯಾಗಲಿ ಶಾಲೆಯ ಪಡಸಾಲೆಯಾಗಲಿ ಅದಕ್ಕೆ ಸಾಕು. ತಿಂಗಳಿಗೊಮ್ಮೆ ಒಬ್ಬನು ಹೊಸ ಕಥೆಯನ್ನು ಗಟ್ಟಿಯಾಗಿ ಓದಲಿ. ಬಹುಕಾಲದಿಂದ ಇಂಥ ಕಥೆಗಳನ್ನು ಓದಿದವನೊಬ್ಬನು ಸಾರಥಿಯ ಪೀಠದಲ್ಲಿ ಕುಳಿತು ಕೇಳಲಿ: ಈ ದೈತ್ಯನಾರು, ಇವನ ಪಟ್ಟಣವಾವುದು, ಇಲ್ಲಿಗೆ ಬಂದ ಕಾರಣವೇನು? ಆಂಗ್ಲ ಗ್ರಂಥದಿಂದ ಎತ್ತಿ ತಂದ ದೈತ್ಯನು ಈ ಪ್ರಶ್ನೆಗಳ ಮುಂದೆ ಬಹಳ ಹೊತ್ತು ನಿಲ್ಲಲಾರನು. ಗೆಳೆತನದ ದಾಕ್ಷಿಣ್ಯಕ್ಕೆ ಸಾರಥಿಯು ಸುಮ್ಮನಾದರೆ ಕೂಟವು ಕೆಟ್ಟಿತೆಂದೇ ತಿಳಿಯಬೇಕು; ಪರದೇಶದ ಸಮ್ಮೇಲನಗಳು ಎಡವಿದುದು ಪ್ರಶ್ನೆಯನ್ನು ಮುಚ್ಚಿದಲ್ಲಿಯೇ. ಅದರಂತೆ ಹುಡುಗರಿಗೂ ಹೆಂಗಸರಿಗೂ ಅಕ್ಷರ ಬಾರದ ಹಿರಿಯರಿಗೂ ಅಲ್ಲಿ ಬಾಗಿಲು ತೆರೆದಿರಬೇಕು. ಹಾಡನ್ನೂ ಕಥೆಯನ್ನೂ ಕಾಪಾಡಿಕೊಂಡು ಬಂದವರಲ್ಲಿ ಅವರು ಮೊದಲಿಗರು.

ಇಂಥ ಕೂಟವೊಂದರಿಂದ ಒಡನೆಯೇ ಮಹಾಕೃತಿ ಹುಟ್ಟೀತೆಂದು ಹೇಳುವಂತಿಲ್ಲ. ಆದರೆ ಇಂಗ್ಲಿಷ್ ಅದ್ಭುತಕಥೆಗಳನ್ನು ಓದಿ ಕನ್ನಡದಲ್ಲಿ ಬರೆಯಬಯಸುವ ಹುಡುಗನಿಗೆ, ದುರ್ಗಸಿಂಹನ ನರಿಗಳೂ ಊರ ಆಟದ ದೈತ್ಯರೂ ತನ್ನ ಆಸ್ತಿಯೇ ಎಂಬುದು ಅಲ್ಲಿ ತಿಳಿದೀತು. ಗದಗ, ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ರಸಿಕರು ಈ ಕೆಲಸವನ್ನು ಕೈಗೊಂಡರೆ ಮಾತು ಕಲಿಸಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇರುವರು. ಅವರು ಇರುವಾಗಲೇ ಇದನ್ನು ಆರಂಭಿಸುವುದು ಲೇಸು.