ದಾರ ಹಿಡಿದ ಕೈ

ಭಾವಚಿತ್ರಗಳಲ್ಲಿ ಶಿಶುಸಹಜ ಮುಗ್ಧತೆಯ ಮಾತು ಬಂದಾಗಲೆಲ್ಲ ಉದಾಹರಣೆಯಾಗಿ ಎತ್ತಲ್ಪಡುವುದು ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್‌ನ ‘ಮುಗ್ಧತೆಯ ವಯಸ್ಸು’. ಬಿಳಿಯ ಉಡುಪು, ಬರಿಗಾಲು, ಎದೆಗೆ ಒತ್ತಿಕೊಂಡ ಪುಟ್ಟ ಕೈಗಳು. ಆದರೆ ಈ ಹೆಸರನ್ನಿಟ್ಟವನು ಚಿತ್ರಕಾರನಲ್ಲ. ಅವನು 1792ರಲ್ಲಿ ತೀರಿಕೊಂಡ ಬಳಿಕ, 1794ರಲ್ಲಿ ಹೊರಬಂದ ಅಚ್ಚುಪ್ರತಿಯ ಮೂಲಕ ಅದು ರೂಢಿಗೆ ಬಂತು. ಆ ಬಾಲೆ ಏನನ್ನೂ ಮಾಡುತ್ತಿಲ್ಲ. ಅವಳ ಮುಗ್ಧತೆಗೆ ಅದೇ ಆಧಾರ. ನೋಡುವ ಹಿರಿಯರು ಅವಳಲ್ಲಿ ಕಾಣುವುದು ತಾವು ಕಳೆದುಕೊಂಡೆವೆಂದು ಭಾವಿಸಿದ್ದನ್ನು.

ಸ್ಪೇನಿನ ಫ್ರಾನ್ಸಿಸ್ಕೊ ಗೋಯ ಇಷ್ಟಕ್ಕೆ ತೃಪ್ತನಾಗಲಿಲ್ಲ. ಆಲ್ಟಾಮಿರಾದ ಕೌಂಟನ ಮಗ ಮಾನುಯೆಲ್ ಒಸೋರಿಯೊನನ್ನು ಆತ ಚಿತ್ರಿಸಿದ್ದು 1787-88ರಲ್ಲೆಂದು ಸಾಮಾನ್ಯವಾಗಿ ಹೇಳುತ್ತಾರೆ. ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಪೋಷಾಕಿನ ಹುಡುಗನ ಕೈಯಲ್ಲಿ ಒಂದು ದಾರ. ಅದರ ತುದಿಗೆ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿ. ಒಂದು ಪಕ್ಕದಲ್ಲಿ ಪುಟ್ಟ ಹಕ್ಕಿಗಳು ತುಂಬಿದ ಪಂಜರ. ಇನ್ನೊಂದು ಪಕ್ಕದಲ್ಲಿ ಕಣ್ಣರಳಿಸಿ ಕುಳಿತ ಮೂರು ಬೆಕ್ಕುಗಳು. ಹುಡುಗನ ನೋಟ ಮಾತ್ರ ಇವಾವುದರ ಮೇಲೂ ಇಲ್ಲ.

ಪಾಶ್ಚಾತ್ಯ ವಿಮರ್ಶಕರಲ್ಲಿ ಹಲವರು ಹಕ್ಕಿಯನ್ನು ಆತ್ಮವೆಂದೂ ಬೆಕ್ಕುಗಳನ್ನು ಕೇಡೆಂದೂ ಅರ್ಥೈಸುತ್ತಾರೆ. ಕ್ರೈಸ್ತ ಚಿತ್ರಪರಂಪರೆಯಲ್ಲಿ ಅದಕ್ಕೆ ಆಧಾರವಿಲ್ಲದಿಲ್ಲ. ಹುಡುಗ 1792ರಲ್ಲಿ, ಎಂಟು ವರ್ಷದವನಿದ್ದಾಗಲೇ ತೀರಿಕೊಂಡದ್ದರಿಂದ ಈ ಅರ್ಥಕ್ಕೆ ಕರುಣೆಯ ಬಲವೂ ದೊರೆಯುತ್ತದೆ. ಆದರೂ ಈ ವ್ಯಾಖ್ಯಾನ ಒಂದು ಸಂಗತಿಯನ್ನು ಮರೆಸಿಬಿಡುತ್ತದೆ: ಹಕ್ಕಿ ಸಂಕೇತವಾಗುವ ಮೊದಲು ಹಕ್ಕಿಯೇ ಆಗಿದೆ, ಮತ್ತು ಅದನ್ನು ಕಟ್ಟಿದ ದಾರ ಮಗುವಿನ ಕೈಯಲ್ಲಿದೆ. ಕೇಡು ಬೆಕ್ಕುಗಳದಷ್ಟೇ ಎಂದುಕೊಂಡರೆ ನೋಡುವವನಿಗೆ ನೆಮ್ಮದಿ. ಗೋಯ ಆ ನೆಮ್ಮದಿಯನ್ನು ಕೊಟ್ಟಂತೆ ತೋರುವುದಿಲ್ಲ. ಇಲ್ಲಿ ಮುಗ್ಧತೆಯೆಂದರೆ ನೋಯಿಸದಿರುವಿಕೆಯಲ್ಲ, ನೋವಿನ ಅರಿವಿಲ್ಲದಿರುವಿಕೆ. ಆದರೂ ಹುಡುಗನ ಮೇಲೆ ಆರೋಪವಿಲ್ಲ. ಆ ಮುಖವನ್ನು ಅಷ್ಟು ಮೃದುವಾಗಿ ಬರೆದ ಕುಂಚಕ್ಕೆ ಅವನನ್ನು ದೂರುವ ಉದ್ದೇಶವಿರಲಾರದು. ದಾರ ಕಟ್ಟಿಕೊಟ್ಟವರು, ಪಂಜರ ತುಂಬಿಸಿದವರು ಹಿರಿಯರು. ಅವರು ಚಿತ್ರದ ಚೌಕಟ್ಟಿನ ಹೊರಗಿದ್ದಾರೆ.

ಇನ್ನೊಂದು ವಿವರವನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಹಕ್ಕಿಯ ಕೊಕ್ಕಿನಲ್ಲಿರುವುದು ಗೋಯನದೇ ಹೆಸರಿನ ಚೀಟಿ. 1786ರಲ್ಲಷ್ಟೇ ಅರಸನ ಚಿತ್ರಕಾರನಾಗಿ ನೇಮಕಗೊಂಡಿದ್ದ, ಶ್ರೀಮಂತರ ಮನೆಗಳಿಗೆ ಭಾವಚಿತ್ರ ಬರೆದುಕೊಡುತ್ತಿದ್ದವನು ತನ್ನ ಸಹಿಯನ್ನು ಕಟ್ಟಿಹಾಕಿದ ಜೀವಿಯ ಬಾಯಿಗೇ ಕೊಟ್ಟಿದ್ದಾನೆ.

ಮೂರನೆಯ ಬೆಕ್ಕು ಕತ್ತಲಲ್ಲಿ ಬಹುಮಟ್ಟಿಗೆ ಕರಗಿಹೋಗಿದೆ. ಅದು ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ನೋಟ ಮತ್ತೆ ದಾರದತ್ತ ಸರಿದಿರುತ್ತದೆ. ಹುಡುಗ ಅದನ್ನು ಹಿಡಿದಿರುವವರೆಗೆ ಹಕ್ಕಿ ಹಾರಲಾರದು, ಬೆಕ್ಕುಗಳೂ ಏಳುವುದಿಲ್ಲ.