ಗುಂಜೋಟಿಯ ಗೋಡೆ, ಮ್ಯಾಟ್ರಿಕ್ಸಿನ ಲೆಕ್ಕ

ಮಹಾರಾಷ್ಟ್ರದ ಗುಂಜೋಟಿ, ಉಮರ್ಗಾ, ನಿಲಂಗಾ ಸೀಮೆಯ ಹಳೆಯ ಮನೆಗಳಲ್ಲಿ ಭಾರ ಹೊರುವ ಲೆಕ್ಕ ಪಕ್ಕಾ ಇತ್ತು. ಅಂಕಣಕ್ಕೆ ತಕ್ಕ ಕಂಬ, ಕಂಬಕ್ಕೆ ತಕ್ಕ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮನೆ ಅಡ್ಡಕ್ಕೆ ಅಲುಗಿದರೆ ಏನಾದೀತೆಂದು ಮಾತ್ರ ಯಾರೂ ಎಣಿಸಿರಲಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅದೇ ಸೀಮೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪ ಸಾವಿರಾರು ಜನರನ್ನು ಅವರವರ ಗೋಡೆಗಳಡಿಯೇ ಹೂತುಹಾಕಿತು. ಎಷ್ಟೋ ಕಡೆ ಗೋಡೆ ಉರುಳಿದರೂ ಮಾಳಿಗೆ ಕಂಬಗಳ ಮೇಲೆ ಹಾಗೇ ನಿಂತಿತ್ತು.

ಅಡ್ಡ ಅಲುಗಾಟಕ್ಕೆ ಎಂಜಿನಿಯರುಗಳು ನೆಚ್ಚಿಕೊಂಡಿರುವುದು ಮ್ಯಾಟ್ರಿಕ್ಸ್ ವಿಧಾನವನ್ನು. ವಿಮಾನದ ರೆಕ್ಕೆಯ ಅದುರಾಟದ ಬೆನ್ನು ಹತ್ತಿದ್ದ ಫ್ರೇಜರ್, ಡಂಕನ್, ಕಾಲರ್ 1938ರಲ್ಲಿ ಅದನ್ನು ಪುಸ್ತಕಕ್ಕಿಳಿಸಿದರು; 1956ರಲ್ಲಿ ಟರ್ನರ್, ಕ್ಲಫ್ ಮತ್ತು ಸಂಗಡಿಗರು ರಚನೆಯನ್ನು ತುಂಡು ಮಾಡಿ, ತುಂಡುಗಳ ಬಿಗಿತವನ್ನು ಕೂಡಿಸುವ ದಾರಿ ತೋರಿಸಿದರು. ಎರಡು ಮಹಡಿಯ ಕಾಂಕ್ರೀಟ್ ಚೌಕಟ್ಟಿದೆ ಎನ್ನಿ. ಮಹಡಿಗೆ 20 ಟನ್ ತೂಕ. ಒಂದು ಅಂತಸ್ತನ್ನು ಮಿಲಿಮೀಟರ್ ಸರಿಸಲು 2 ಟನ್ ಬಲ ಬೇಕು. ಆ ಬಿಗಿತವನ್ನೇ ಒಂದು ಎಂದು ಹಿಡಿದರೆ ಬಿಗಿತದ ಮ್ಯಾಟ್ರಿಕ್ಸಿನ ಮೊದಲ ಸಾಲು 2, −1. ಎರಡನೆಯದು −1, 1. ಪೆನ್ಸಿಲಿನಲ್ಲೇ ಬಿಡಿಸಬಹುದು. 0.32 ಸೆಕೆಂಡಿನ ಕಂಪನದಲ್ಲಿ ಎರಡೂ ಮಹಡಿ ಒಂದೇ ಕಡೆ ವಾಲುತ್ತವೆ, ಮೇಲಿನದು 1.618 ಪಟ್ಟು ಹೆಚ್ಚು, 0.12 ಸೆಕೆಂಡಿನದರಲ್ಲಿ ಒಂದು ಎಡಕ್ಕಾದರೆ ಇನ್ನೊಂದು ಬಲಕ್ಕೆ. ಸೊಗಸಾದ ಲೆಕ್ಕ, ಅನುಮಾನವಿಲ್ಲ.

ಅದರ ಜೀವ ಇರುವುದು ಆ −1ರಲ್ಲಿ. ಒಂದರ ಅಲುಗಾಟ ಇನ್ನೊಂದಕ್ಕೆ ಮುಟ್ಟುವುದೇ ಅದರಿಂದ. ಈ ಸೀಮೆಯ ಕಲ್ಲುಗೋಡೆಗೆ ಒಳಮುಖ, ಹೊರಮುಖ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಮುಖವನ್ನೂ ಹಿಡಿಯುವ ಉದ್ದಗಲ್ಲಿಲ್ಲ, ಮೂಲೆಯಲ್ಲಿ ಗೋಡೆಗೆ ಗೋಡೆಯ ಹೆಣಿಗೆ ಸಡಿಲ. ಅಲ್ಲಿ −1 ಇರಬೇಕಾದ ಜಾಗದಲ್ಲಿ ಹೆಚ್ಚುಕಡಿಮೆ ಸೊನ್ನೆ. ಪ್ರತಿ ಗೋಡೆಯೂ ತನ್ನ ಪಾಡಿಗೆ ತಾನು ಅಲುಗಿ ಹೊರಕ್ಕೆ ಬೀಳುತ್ತದೆ.

ನನ್ನ ತಕರಾರು ವಿಧಾನದ ಮೇಲಲ್ಲ, ಅದನ್ನು ಬಳಸುವ ರೂಢಿಯ ಮೇಲೆ. ಸಾಫ್ಟ್‌ವೇರಿನಲ್ಲಿ ಮಹಡಿಯನ್ನು ಬಾಗದ ಒಂದೇ ಹಲಗೆಯೆಂದು ಹಿಡಿಯುವ ಚಾಳಿಯಿದೆ. ಜಂತಿಯ ಮೇಲಿನ ಮಣ್ಣು ಹಲಗೆಯಲ್ಲ. ಹತ್ತಡಿ ಚೌಕದ ಕೋಣೆಯ ಮೇಲೆ ಅಡಿ ದಪ್ಪ ಮಣ್ಣಿದ್ದರೆ ಹತ್ತಿರಹತ್ತಿರ 5 ಟನ್. ಸೋರಿದಾಗಲೆಲ್ಲ ಇನ್ನೊಂದು ಪದರ. ಮೇಲಾಗಿ ಮಣ್ಣುಗಾರೆ ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ; ಲೆಕ್ಕಕ್ಕೆ ಎರಡೂ ಒಂದೇ. ಮೊದಲ ಬಿರುಕಿಗೇ ಬಿಗಿತ ಬದಲಾಗುತ್ತದೆ, ಮೂರು ದಶಾಂಶದವರೆಗೆ ಅಚ್ಚಾದ ಆವರ್ತನ ಬಿರುಕಿಗೂ ಮುಂಚಿನ ಮನೆಯದಾಗಿ ಉಳಿಯುತ್ತದೆ. ಇನ್ನು ಸಮೀಕರಣದ ಬಲಗಡೆ ಬರುವ ಭೂಕಂಪದ ಜೋರು: 1984ರ ಭಾರತೀಯ ಭೂಕಂಪ ಸಂಹಿತೆ ಈ ಪ್ರದೇಶವನ್ನು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿಟ್ಟಿತ್ತು. ಮೂರನೇ ವಲಯಕ್ಕೆ ಏರಿಸಿದ್ದು 2002ರಲ್ಲಿ.

ಹಾಗಂತ ಕೈಬಿಡುವ ವಿಧಾನವಲ್ಲ. ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಪಟ್ಟಿ ಹಾಕುವುದು, ಗೋಡೆಗೆ ಉದ್ದಗಲ್ಲು ಕೊಡುವುದು, ಇವೆಲ್ಲ ಸೊನ್ನೆಯ ಜಾಗಕ್ಕೆ ಅಂಕಿ ತರುವ ಕೆಲಸವೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 2001ರ ಭುಜ್ ಭೂಕಂಪದಲ್ಲಿ ಬಿದ್ದ ಕಟ್ಟಡಗಳನ್ನು ಅಭ್ಯಾಸ ಮಾಡಿದರು. ಗೋಡೆಯ ಎರಡೂ ಮುಖಕ್ಕೆ ನೆಟ್ಟಗೆ ಕಬ್ಬಿಣ ಕಟ್ಟಿ ಹಿಡಿಯುವ ಉಪಾಯವನ್ನು ಮುಂದಿಟ್ಟರು. ಗೋಡೆ ಹೇಗೆ ಬೀಳುತ್ತದೆಂಬುದರ ಮೇಲೆಯೇ ಕಣ್ಣಿಟ್ಟ ಕ್ರಮ ಅದು. ಉಮರ್ಗಾ ಕಡೆ ಉಳಿದಿರುವ ಕಲ್ಲುಮನೆಗಳ ವರದಿ ಬರೆಯುವವರು ಬಣ್ಣದ ಕಂಪನಚಿತ್ರಗಳನ್ನು ಕೊನೆಗಿಟ್ಟು, ಮೊದಲ ಪುಟದಲ್ಲಿ ನಾಲ್ಕು ಮೂಲೆಗಳ ಹೆಣಿಗೆ ಹೇಗಿದೆಯೆಂದು ಬರೆಯಲಿ.