ಅಂಗೈ ಬಲ್ಲ ನೀರಿನ ಹದ

ತೋಯಿಸಿ ಹಿಂಡಿದ ಮಂಡಕ್ಕಿಗೆ ಅರಿಶಿನದ ಒಗ್ಗರಣೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರಿ, ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎದ್ದ ಎರಡು ಮಿರ್ಚಿ ಬಂದು ಕೂತರೆ ಆ ತಟ್ಟೆಗೆ ಇನ್ನೇನೂ ಬೇಡ. ಹರಪನಹಳ್ಳಿ ತಾಲ್ಲೂಕಿನ ನಮ್ಮ ಅರಸೀಕೆರೆಯಿಂದ ಹಿಡಿದು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯವರೆಗೆ ಬಿಸಿಲು ಇಳಿಯುವ ಹೊತ್ತಿಗೆ ಬೀದಿಗೆ ಬರುವ ವಾಸನೆ ಒಂದೇ: ಕಾದ ಶೇಂಗಾ ಎಣ್ಣೆಯಲ್ಲಿ ಹಸಿಮೆಣಸಿನಕಾಯಿ ಬೇಯುವ ವಾಸನೆ. ಸಂತೆಯ ಮೂಲೆಯಲ್ಲಿ, ಬಸ್ ನಿಲ್ದಾಣದ ಎದುರು, ಗುರು ಕೊಟ್ಟೂರೇಶ್ವರನ ತೇರಿನಲ್ಲಿ, ಮೈಲಾರದ ಜಾತ್ರೆಯಲ್ಲಿ ಜನ ನಿಂತು ತಿನ್ನುವ ಈ ಜೋಡಿಯನ್ನು ನಾನು ಮನೆಯ ಒಲೆಯ ಮೇಲೆ ಮಾಡಿ ತಿನ್ನುವುದರಲ್ಲಿ ವಿಶೇಷ ಸುಖ ಕಂಡವನು. ಬೀದಿಯಲ್ಲಿ ರುಚಿ ಸಿಗುತ್ತದೆ. ಮನೆಯಲ್ಲಿ ರುಚಿ ಹುಟ್ಟುವ ಗಳಿಗೆಯೂ ಕಣ್ಣಿಗೆ ಬೀಳುತ್ತದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ನಮ್ಮ ತಟ್ಟೆಯಲ್ಲಂತೂ ದಾವಣಗೆರೆಯ ಮಂಡಕ್ಕಿಯೂ ಬಳ್ಳಾರಿ ಸೀಮೆಯ ಒಗ್ಗರಣೆಯೂ ಯಾವಾಗಲೂ ಒಟ್ಟಿಗೇ ಇದ್ದವು. ಗಡಿಯಾಚೆ ಆದೋನಿ, ಕರ್ನೂಲು ಕಡೆ ಇದರ ಒಡಹುಟ್ಟು ಉಗ್ಗಾಣಿ-ಬಜ್ಜಿಯಾಗಿ ಬೆಳಗಿನ ತಿಂಡಿಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಂಡಕ್ಕಿ ಗಿರ್ಮಿಟ್ ಆಗುತ್ತದೆ. ಎಲ್ಲವೂ ಸೊಗಸೇ. ಆದರೆ ಮೆತ್ತಗಿನ ಒಗ್ಗರಣೆ ಮಂಡಕ್ಕಿ, ಗರಿಗರಿ ಮಿರ್ಚಿ, ಈ ಎರಡೂ ಒಂದೇ ತುತ್ತಿನಲ್ಲಿ ಕೂಡುವ ನಮ್ಮ ಸಂಜೆಯ ತಟ್ಟೆಗೇ ನನ್ನ ಮನಸ್ಸು ಮೊದಲು ವಾಲುತ್ತದೆ.

ಇದರ ಜೀವ ಖಾರದಲ್ಲಿದೆ ಎನ್ನುವವರು ಬಹಳ. ನನಗೆ ಅದು ನೀರಿನಲ್ಲಿದೆ ಅನ್ನಿಸುತ್ತದೆ. ನೀರು ಎಲ್ಲಿ ಒಳಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಗೆ ಹೋಗಬೇಕು: ಇಷ್ಟು ತಿಳಿದ ಕೈ ಈ ತಿಂಡಿಯನ್ನು ಅದ್ಭುತವಾಗಿ ಮಾಡುತ್ತದೆ.

ಮಂಡಕ್ಕಿ ಅರಳುವುದೇ ನೀರಿನಿಂದ. ಭದ್ರಾ ನಾಲೆಯ ಬಯಲು ಭತ್ತದ ಸೀಮೆ. ಆ ಬಯಲಿನ ನಡುವೆ ದಾವಣಗೆರೆ, ಅದರ ಆಜಾದ್ ನಗರ, ಬಾಷಾ ನಗರಗಳ ಮಂಡಕ್ಕಿ ಭಟ್ಟಿಗಳು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಕಲಸಿ, ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಾರೆ. ಮರಳಿನ ಕಾವು 250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಕಾಳಿನೊಳಗೆ ಉಳಿದಿದ್ದ ಚೂರು ತೇವ ಕ್ಷಣಮಾತ್ರದಲ್ಲಿ ಹಬೆಯಾಗಿ, ಹೊರದಾರಿ ಹುಡುಕುತ್ತ ಅಕ್ಕಿಯನ್ನು ನಾಲ್ಕಾರು ಪಟ್ಟು ಉಬ್ಬಿಸಿ ಹಾರಿಹೋಗುತ್ತದೆ. ನಾವು ಮುಕ್ಕುವ ಆ ಬಿಳಿಯ ಹಗುರ ಎಂದರೆ ನೀರು ಬಿಟ್ಟುಹೋದ ಜಾಗ. ಅಷ್ಟು ಬಯಲು ಒಳಗಿರುವುದರಿಂದಲೇ ಮಂಡಕ್ಕಿ ಮತ್ತೆ ನೀರು ಕಂಡರೆ ಅಷ್ಟು ಆತುರವಾಗಿ ಹೀರುತ್ತದೆ.

ಮನೆಗೆ ತರುವಾಗ ಹೊಸ ಮಂಡಕ್ಕಿಯನ್ನೇ ಆರಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸರಸರ ಎನ್ನಬೇಕು, ಹಲ್ಲಿಗೆ ಸಿಕ್ಕರೆ ಕರಕ್ಕನೆ ಮುರಿಯಬೇಕು. ಜರಡಿ ಹಿಡಿದು ಮರಳಿನ ಪುಡಿ ಉದುರಿಸಿ. ನಾಲ್ಕು ಜನಕ್ಕೆ ಎಂಟು ಬಟ್ಟಲು ಮಂಡಕ್ಕಿ, ದಪ್ಪನೆಯ ಮೂರು ಉಳ್ಳಾಗಡ್ಡಿ, ಎರಡು ಟೊಮೆಟೊ, ಐದಾರು ಹಸಿಮೆಣಸಿನಕಾಯಿ, ಒಂದು ನಿಂಬೆಹಣ್ಣು, ಒಂದು ಮುಷ್ಟಿ ಶೇಂಗಾ, ಅರ್ಧ ಬಟ್ಟಲು ಪುಟಾಣಿ ಸಾಕು. ಪುಟಾಣಿಯನ್ನು ಒಣಗಿದ ಮಿಕ್ಸಿ ಜಾರಿನಲ್ಲಿ ತೀರ ನುಣ್ಣಗಾಗದಂತೆ ಪುಡಿ ಮಾಡಿಕೊಳ್ಳಿ. ಬೆರಳಿಗೆ ಒಂದಿಷ್ಟು ತರಿ ತಾಕಿದರೆ ಚೆನ್ನ.

ಈಗ ಅಗಲವಾದ ಪಾತ್ರೆಯ ತುಂಬ ತಣ್ಣೀರು. ಮಂಡಕ್ಕಿ ಅದರಲ್ಲಿ ಮುಳುಗಲು ಒಪ್ಪುವುದಿಲ್ಲ, ತೇಲುತ್ತದೆ. ನಮ್ಮ ದೊಡ್ಡವ್ವ ಅದನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತುತ್ತ ಹೇಳುತ್ತಿದ್ದ ಮಾತು ನನಗೆ ಅಡುಗೆಯ ದೊಡ್ಡ ಪಾಠ: “ನೆನಸಬ್ಯಾಡಪ್ಪ, ತೋಯಿಸು.” ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಮೊದಲು ಸದ್ದು ಹೋಗುತ್ತದೆ, ಆಮೇಲೆ ಗಡಸು ಹೋಗುತ್ತದೆ, ಒಳಗೆ ಸಣ್ಣದೊಂದು ಬಿಗಿ ಉಳಿದಿರುತ್ತದೆ. ಆ ಬಿಗಿ ಇರುವಾಗಲೇ ಎತ್ತಬೇಕು. ಒಂದೊಂದೇ ಹಿಡಿ ತೆಗೆದು, ಎರಡು ಅಂಗೈಗಳ ನಡುವೆ ಇಟ್ಟು, ತಿರುಚದೆ, ಕಿವುಚದೆ ಒತ್ತಿದರೆ ಬೆರಳಿನ ಸಂದಿಯಿಂದ ನೀರು ಇಳಿಯುತ್ತದೆ. ಕೈ ಬಿಡಿಸಿದಾಗ ಮಂಡಕ್ಕಿ ಮುದ್ದೆಯಾಗದೆ, ಒಂದಕ್ಕೊಂದು ಆನಿಕೊಂಡು, ಕಾಳು ಕಾಳಾಗಿ, ತಣ್ಣಗೆ, ಮೆತ್ತಗೆ ಉದುರುತ್ತದೆ. ಆ ಸ್ಪರ್ಶಕ್ಕಾಗಿಯಾದರೂ ಇದನ್ನು ಒಮ್ಮೆ ಮನೆಯಲ್ಲಿ ಮಾಡಬೇಕು.

ಒಗ್ಗರಣೆಗೆ ಶೇಂಗಾ ಎಣ್ಣೆಯೇ ಸರಿ. ನಾಲೆಯಿಲ್ಲದ ನಮ್ಮ ಹೊಲಗಳು ಮಳೆ ನಂಬಿ ಕೊಡುವ ಬೆಳೆ ಅದು. ಗಾಣದ ಎಣ್ಣೆ ಸಿಕ್ಕರೆ ಅದರ ಹುರಿದ ಬೀಜದ ಘಮ ಮಂಡಕ್ಕಿಯ ಒಳಗೆಲ್ಲ ಕೂರುತ್ತದೆ. ಸಾಸಿವೆ ಸಿಡಿದ ಮೇಲೆ ಜೀರಿಗೆ, ಶೇಂಗಾ, ಸೀಳಿದ ಮೆಣಸಿನಕಾಯಿ, ಕರಿಬೇವು. ಉದ್ದುದ್ದ ಹೆಚ್ಚಿದ ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ತಿರುಗುವುದು ಬೇಡ, ಅಂಚು ಮಿರುಗಿ ಸಿಹಿ ಬಿಟ್ಟರೆ ಸಾಕು. ಟೊಮೆಟೊ ಕರಗಿ ಎಣ್ಣೆ ಬಿಡುವಾಗ ಅರಿಶಿನ, ಉಪ್ಪು. ಮಂಡಕ್ಕಿಯಲ್ಲಿ ಮೊದಲೇ ಉಪ್ಪಿದೆ ಎಂಬ ನೆನಪಿರಲಿ. ಹಿಂಡಿದ ಮಂಡಕ್ಕಿ ಹಾಕಿ ಅಡಿಯಿಂದ ಮೇಲಕ್ಕೆ ಹಗುರವಾಗಿ ತಿರುವಿದರೆ ಬಿಳಿಯೆಲ್ಲ ಹಳದಿಯಾಗುತ್ತದೆ. ಉರಿ ಆರಿಸಿದ ಮೇಲೆ ಪುಟಾಣಿ ಪುಡಿ. ಮಂಡಕ್ಕಿಯ ಮೈಮೇಲೆ ಉಳಿದ ಕಡೆಯ ತೇವವನ್ನು ಈ ಪುಡಿ ಕುಡಿದು, ಪ್ರತಿ ಕಾಳಿಗೂ ತೆಳ್ಳನೆಯ, ತರಿತರಿಯಾದ, ಕಮ್ಮನೆಯ ಹೊದಿಕೆಯಾಗುತ್ತದೆ. ನಿಂಬೆರಸ, ಕೊತ್ತಂಬರಿ ಕೊನೆಗೆ.

ಇನ್ನು ಮಿರ್ಚಿ. ಉಚ್ಚಂಗಿದುರ್ಗದಿಂದ ಪಾಂಡ್ಯರು ಆಳುತ್ತಿದ್ದ 12ನೆಯ ಶತಮಾನದಲ್ಲಿ ಈ ಸೀಮೆಗೆ ಮೆಣಸಿನಕಾಯಿಯ ಪರಿಚಯವೇ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಇಳಿಯಿತು. ಹೊರಗಿನಿಂದ ಬಂದ ಕಾಯಿಗೆ ನಮ್ಮವರು ಕಡ್ಲೆ ಹಿಟ್ಟಿನ ಅಂಗಿ ತೊಡಿಸಿ ಎಷ್ಟು ಚೆಂದ ಮನೆಯವನನ್ನಾಗಿ ಮಾಡಿಕೊಂಡಿದ್ದಾರೆ!

ಉದ್ದನೆಯ, ನೇರವಾದ, ತೊಟ್ಟು ಹಸಿರಾಗಿರುವ ಕಾಯಿ ಬೇಕು. ತೊಳೆದು ಪೂರ್ತಿ ಒರೆಸಿ; ತೇವ ಉಳಿದರೆ ಹಿಟ್ಟು ಮೈಗೆ ಹಿಡಿಯದು, ಎಣ್ಣೆಯೂ ಸಿಡಿಯುತ್ತದೆ. ತೊಟ್ಟು ತೆಗೆಯದೆ ಒಂದೇ ಸೀಳು ಹಾಕಿ, ಜೀರಿಗೆ, ಉಪ್ಪು, ಗಟ್ಟಿ ಹುಣಸೆರಸ ಅರೆದು ತೆಳುವಾಗಿ ಒಳಗೆ ಸವರಿ. ಖಾರ ಬೀಜದಲ್ಲಿದೆ ಎಂಬ ನಂಬಿಕೆ ಹಳೆಯದು. ಅದರ ನಿಜವಾದ ಮನೆ ಬೀಜ ಅಂಟಿಕೊಂಡಿರುವ ಬಿಳಿಯ ತಿರುಳು. ಮಕ್ಕಳಿಗೆ ಕೊಡುವುದಾದರೆ ಅದನ್ನು ಚಮಚದ ಹಿಡಿಯಿಂದ ಕೆರೆದು ತೆಗೆಯಿರಿ. ನಾನಂತೂ ಹಾಗೆಯೇ ಬಿಡುತ್ತೇನೆ.

ಎರಡು ಬಟ್ಟಲು ಕಡ್ಲೆ ಹಿಟ್ಟಿಗೆ ಅಂಗೈಯಲ್ಲಿ ತಿಕ್ಕಿದ ಅರ್ಧ ಚಮಚ ಅಜವಾನ, ಉಪ್ಪು, ಚಿಟಿಕೆ ಸೋಡಾ, ಒಂದು ಚಮಚ ಕಾದ ಎಣ್ಣೆ. ನೀರನ್ನು ಒಮ್ಮೆಲೇ ಸುರಿಯಬೇಡಿ. ಸ್ವಲ್ಪ ಸ್ವಲ್ಪ ಹಾಕುತ್ತ, ಗಂಟೊಡೆಯುತ್ತ, ಒಂದೇ ದಿಕ್ಕಿಗೆ ಕಲಸುತ್ತ ಹೋದರೆ ಹಿಟ್ಟು ಬಣ್ಣ ತಿಳಿಯಾಗಿ ಹಗುರಾಗುತ್ತದೆ. ಕಾಯಿಯನ್ನು ಅದ್ದಿ ಎತ್ತಿದಾಗ ಹಿಟ್ಟು ಸೋರದೆ, ಕಾಯಿಯ ಆಕಾರ ಕಾಣುವಷ್ಟೇ ದಪ್ಪಕ್ಕೆ ನಿಂತು, ತುದಿಯಲ್ಲಿ ಒಂದು ಹನಿ ಇಳಿಯಲೋ ಬೇಡವೋ ಎಂದು ತೂಗಬೇಕು. ಆ ಹನಿಯೇ ಹದದ ಸಾಕ್ಷಿ.

ಎಣ್ಣೆಗೆ ಒಂದು ತೊಟ್ಟು ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಇಳಿದು ಕೂಡಲೇ ಮೇಲೆದ್ದರೆ ಕಾವು ಸರಿ, ಸುಮಾರು 175 ಡಿಗ್ರಿ. ಅದ್ದಿದ ಕಾಯಿಯನ್ನು ಬಾಣಲೆಯ ಅಂಚಿನಿಂದ ಜಾರಿಸಿ. ಆಗ ಏಳುವ ಸದ್ದು ಹಿಟ್ಟಿನೊಳಗಿನ ನೀರು ಹೊರಡುವ ಸದ್ದು. ಮೊದಲು ಭೋರೆಂದು, ದಪ್ಪ ಗುಳ್ಳೆಗಳಾಗಿ. ಆಮೇಲೆ ಸಣ್ಣಗೆ, ಚುರುಚುರು ಎಂದು. ಕೊನೆಗೆ ಎಣ್ಣೆ ಮಾತು ಕಡಿಮೆ ಮಾಡುತ್ತ, ಗುಳ್ಳೆ ವಿರಳವಾಗುತ್ತ, ಹಳದಿ ಮೈ ನಿಧಾನವಾಗಿ ಹೊನ್ನಿನ ಕಡೆಗೆ ಹೊರಳುತ್ತ, ಜಾಲರಿ ಸೌಟು ತಾಕಿದರೆ ಟಣ್ಣೆನ್ನುವಷ್ಟು ಗಟ್ಟಿಯಾಗುತ್ತದೆ. ಕಿವಿಗೊಟ್ಟು ಕರಿಯುವವರಿಗೆ ಗಡಿಯಾರ ಬೇಡ. ನೀರು ಹಿಟ್ಟಿನಿಂದ ಹೋಗಿದೆ, ಕಾಯಿಯೊಳಗೆ ಉಳಿದಿದೆ: ಹೊರಗೆ ಗರಿ, ಒಳಗೆ ರಸ.

ತಿನ್ನುವುದಕ್ಕೂ ಒಂದು ಕ್ರಮ ಉಂಟು. ಮಿರ್ಚಿಯನ್ನು ಕೈಯಲ್ಲೇ ಮುರಿಯಿರಿ. ಚಿಪ್ಪು ಸೀಳಿ ಹಬೆ ಎದ್ದು, ಅಜವಾನದ ಮತ್ತು ಬೆಂದ ಹಸಿರಿನ ಪರಿಮಳ ಮುಖಕ್ಕೆ ಬಡಿಯಲಿ. ಒಂದು ತುಂಡು ಮಿರ್ಚಿ, ಎರಡು ಬೆರಳಷ್ಟು ಮಂಡಕ್ಕಿ, ಒಂದು ಎಸಳು ಹಸಿ ಉಳ್ಳಾಗಡ್ಡಿ, ಕೂಡಿಸಿ ಬಾಯಿಗಿಡಿ. ಮೊದಲು ಗರಿ ಮುರಿಯುತ್ತದೆ. ಹಿಂದೆಯೇ ಕಡ್ಲೆ ಹಿಟ್ಟಿನ ಸಿಹಿ, ಹುಣಸೆಯ ಚುರುಕು. ತಡವಾಗಿ, ನಾಲಿಗೆಯ ಬುಡದಿಂದ, ನಿಧಾನವಾಗಿ, ಘನವಾಗಿ ಖಾರ ಮೇಲೇರುತ್ತದೆ. ಆ ಏರಿನ ತುದಿಯಲ್ಲಿ ಮಂಡಕ್ಕಿ ಬಂದು ಎಲ್ಲವನ್ನೂ ತನ್ನ ಮೆತ್ತನೆಯ ಮೈಯೊಳಗೆ ತೆಗೆದುಕೊಳ್ಳುತ್ತದೆ. ಇಷ್ಟು ಹೊತ್ತೂ ಎಲ್ಲವನ್ನೂ ನಡೆಸಿದ ನೀರಿಗೆ ಇಲ್ಲಿ ಮಾತ್ರ ಕೆಲಸವಿಲ್ಲ. ಮೆಣಸಿನಕಾಯಿಯ ಖಾರ ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು; ಚೊಂಬು ನೀರು ಕುಡಿದರೂ ಉರಿ ಬಾಯ ತುಂಬ ಹರಡುತ್ತದೆ ಅಷ್ಟೇ. ಇನ್ನೊಂದು ತುತ್ತು ಮಂಡಕ್ಕಿ ತಿನ್ನಿ, ಇಲ್ಲವೇ ಮಜ್ಜಿಗೆ ಕುಡಿಯಿರಿ.

ಈ ತಿಂಡಿ ಯಾರಿಗೂ ಕಾಯುವುದಿಲ್ಲ. ಮಿರ್ಚಿ ಆರಿದರೆ ಒಳಗಿನ ರಸ ಚಿಪ್ಪಿಗೆ ಬಂದು ಗರಿ ಹೋಗುತ್ತದೆ. ಮಂಡಕ್ಕಿ ಹೊತ್ತು ಮೀರಿದರೆ ಬಿರುಸಾಗುತ್ತದೆ. ಆದ್ದರಿಂದ ಮನೆಯಲ್ಲಿ ಒಬ್ಬರೇ ಒಲೆ ಮುಂದೆ ನಿಲ್ಲುವ ಪದ್ಧತಿ ಇದಕ್ಕೆ ಒಗ್ಗದು. ಒಂದು ಸುತ್ತು ಒಬ್ಬರು ಕರಿಯಲಿ, ಮುಂದಿನ ಸುತ್ತಿಗೆ ಸೌಟು ಇನ್ನೊಬ್ಬರ ಕೈಗೆ ಹೋಗಲಿ, ಕರಿದವರಿಗೂ ಬಿಸಿಯದೇ ಸಿಗಲಿ. ಇವತ್ತು ಸಂಜೆಯೇ ಮಾಡಿ ನೋಡಿ. ಮಂಡಕ್ಕಿ ಹಿಂಡುವ ಮೊದಲು ಎಣ್ಣೆ ಕಾಯಲು ಇಡಿ. ಉಳಿದದ್ದನ್ನು ನಿಮ್ಮ ಅಂಗೈ ಕಲಿಸಿಕೊಡುತ್ತದೆ.